ಕರ್ನಾಟಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ರಚನೆ

ಕರ್ನಾಟಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ರಚನೆ ಎಂಬುದು ಪ್ರತಿ ಶೈಕ್ಷಣಿಕ ಸಾಲಿನಲ್ಲಿ ಪದವಿ, ಸ್ನಾತಕೋತ್ತರ ಹಾಗೂ ವೃತ್ತಿಪರ ಕಾಲೇಜುಗಳು ತಮ್ಮ ತಂಡವನ್ನು ಹೊಸದಾಗಿ ಕಟ್ಟಿಕೊಳ್ಳುವ ಪ್ರಕ್ರಿಯೆಯಾಗಿದೆ. ವ್ಯಾಸಂಗ ಮುಗಿಸಿ ಹೊರಹೋಗುವ ಆಟಗಾರರ ಲೆಕ್ಕ, ಉಳಿಯುವ ಆಟಗಾರರ ಹೊಣೆಗಳ ಮರುಹಂಚಿಕೆ, ಪದವಿಪೂರ್ವ ಕಾಲೇಜುಗಳಿಂದ ಬರುವ ಹೊಸಬರ ಆಯ್ಕೆ ಹಾಗೂ ವಿಶ್ವವಿದ್ಯಾಲಯ ತಂಡಕ್ಕೆ ಆಟಗಾರರನ್ನು ಕಳುಹಿಸುವುದು ಇದರ ಮುಖ್ಯ ಹಂತಗಳು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಲೇಜು ತಂಡದ ಮುಂದಿನ ಋತುವಿನ ಆಟಗಾರರ ಪಟ್ಟಿಯು ವರ್ಷಕ್ಕೆ ಮೊದಲೇ ಚರ್ಚೆಯ ವಿಷಯವಾಗುತ್ತದೆ. ಕರ್ನಾಟಕದಲ್ಲಿ ಆ ಪಟ್ಟಿಯು ಕಾಲೇಜು ಪ್ರವೇಶಾತಿ ಮುಗಿದ ನಂತರವಷ್ಟೇ ರೂಪುಗೊಳ್ಳುತ್ತದೆ. ಈ ಲೇಖನವು ಆ ಪ್ರಕ್ರಿಯೆಯನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಪಟ್ಟಣಗಳ ಉದಾಹರಣೆಯೊಂದಿಗೆ ವಿವರಿಸುತ್ತದೆ.

ಹಿನ್ನೆಲೆ

ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ವಿದ್ಯಾರ್ಥಿಗಳಿಗೆ ಬೇಕಾಗಿದ್ದುದೇ ಇದಕ್ಕೆ ಕಾರಣ. ಹೀಗೆ ಹುಟ್ಟಿನಿಂದಲೇ ಇದು ವಿದ್ಯಾಸಂಸ್ಥೆಯ ಆಟವಾಗಿದೆ. ಭಾರತದಲ್ಲಿ ಈ ಆಟವು ಹರಡಲು ವೈಎಂಸಿಎ ಸಂಸ್ಥೆಗಳು ಪ್ರಮುಖ ಕಾರಣವಾದವು. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಿ ಪಡೆದ ಶಿಕ್ಷಕರು ದಕ್ಷಿಣ ಭಾರತದ ಶಾಲಾ ಕಾಲೇಜುಗಳಿಗೆ ಆಟವನ್ನು ಕೊಂಡೊಯ್ದರು. ಭಾರತೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವು 1950ರಲ್ಲಿ ಸ್ಥಾಪನೆಯಾಯಿತು.

ಕರ್ನಾಟಕದಲ್ಲಿ ಆಟದ ಕೇಂದ್ರವು ಬೆಂಗಳೂರು. ಬೀಗಲ್ಸ್, ಯಂಗ್ ಓರಿಯನ್ಸ್ ಮುಂತಾದ ಕ್ಲಬ್‌ಗಳು, ಸೇನೆಯ ತಂಡಗಳು, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ತಂಡ ಇವೆಲ್ಲವೂ ಕಾಲೇಜು ಆಟಗಾರರಿಗೆ ಮುಂದಿನ ಮೆಟ್ಟಿಲುಗಳಾಗಿ ಕೆಲಸ ಮಾಡಿವೆ. ನಗರದ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿಗಳೂ ನಡೆದಿವೆ. 2017ರ ಫಿಬಾ ಮಹಿಳಾ ಏಷ್ಯಾ ಕಪ್‌ ಬೆಂಗಳೂರಿನಲ್ಲಿ ನಡೆದಾಗ ಭಾರತ ತಂಡವು 'ಬಿ' ವಿಭಾಗದ ಅಂತಿಮ ಪಂದ್ಯದಲ್ಲಿ ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಬಡ್ತಿ ಪಡೆಯಿತು. 2019ರ ಸೆಪ್ಟೆಂಬರ್‌ನಲ್ಲಿ ಇದೇ ನಗರದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಜಪಾನ್ ಪ್ರಶಸ್ತಿ ಗೆದ್ದಿತು.

ಸ್ಪರ್ಧೆಗಳ ಶ್ರೇಣಿ

ಕಾಲೇಜು ತಂಡವೊಂದರ ರಚನೆಯನ್ನು ಅರಿಯಲು ಅದು ಆಡುವ ಸ್ಪರ್ಧೆಗಳ ಕ್ರಮವನ್ನು ಮೊದಲು ತಿಳಿಯಬೇಕು. ಭಾರತದಲ್ಲಿ ಕಾಲೇಜು ಹಂತವು ಕೊನೆಯ ಹಂತವಲ್ಲ. ಅದು ವಿಶ್ವವಿದ್ಯಾಲಯ ತಂಡಕ್ಕೆ ಹೋಗುವ ದಾರಿ.

1. ಅಂತರ ಕಾಲೇಜು ಪಂದ್ಯಾವಳಿ: ಒಂದು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳ ನಡುವೆ ನಡೆಯುತ್ತದೆ. ಯಾವುದಾದರೊಂದು ಕಾಲೇಜು ಇದರ ಆತಿಥ್ಯ ವಹಿಸುತ್ತದೆ.

2. ವಿಶ್ವವಿದ್ಯಾಲಯ ತಂಡದ ಆಯ್ಕೆ: ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಗಮನ ಸೆಳೆದ ಆಟಗಾರರನ್ನು ಆಯ್ಕೆ ಸಮಿತಿಯು ಗುರುತಿಸುತ್ತದೆ. ಅವರಿಗೆ ತರಬೇತಿ ಶಿಬಿರ ನಡೆಸಿ 12 ಜನರ ಅಂತಿಮ ಪಟ್ಟಿಯನ್ನು ಸಿದ್ಧಪಡಿಸಲಾಗುತ್ತದೆ.

3. ವಲಯ ಮಟ್ಟದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ: ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದಲ್ಲಿ ನಡೆಯುತ್ತದೆ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಆರಂಭವಾದ ಈ ಸಂಸ್ಥೆಗೆ 1973ರಲ್ಲಿ ಈಗಿನ ಹೆಸರು ಬಂದಿತು. ಕರ್ನಾಟಕದ ವಿಶ್ವವಿದ್ಯಾಲಯಗಳು ದಕ್ಷಿಣ ವಲಯದಲ್ಲಿ ತಮಿಳುನಾಡು, ಕೇರಳ, ಆಂಧ್ರಪ್ರದೇಶ ಮತ್ತು ತೆಲಂಗಾಣದ ತಂಡಗಳನ್ನು ಎದುರಿಸುತ್ತವೆ. ಮದ್ರಾಸ್ ವಿಶ್ವವಿದ್ಯಾಲಯ, ಎಸ್‌ಆರ್‌ಎಂ ಮುಂತಾದವು ಈ ವಲಯದ ಬಲಿಷ್ಠ ತಂಡಗಳೆಂದು ಹೆಸರಾಗಿವೆ.

4. ಅಖಿಲ ಭಾರತ ಹಂತ: ಪ್ರತಿ ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಅಂತರ ವಲಯ ಪಂದ್ಯಾವಳಿಗೆ ಅರ್ಹತೆ ಪಡೆಯುತ್ತವೆ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿಯೂ ಬ್ಯಾಸ್ಕೆಟ್‌ಬಾಲ್ ಸೇರಿದೆ. ಇದರ 2021ರ ಆವೃತ್ತಿಯು 2022ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಜರುಗಿತು.

ಅಂತರ ಕಾಲೇಜು ಪಂದ್ಯಾವಳಿಗಳು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮುಗಿಯುತ್ತವೆ ಮತ್ತು ಹೆಚ್ಚಾಗಿ ಸೋತ ತಂಡ ಹೊರಬೀಳುವ ನಾಕೌಟ್ ಮಾದರಿಯಲ್ಲಿರುತ್ತವೆ. ಆದ್ದರಿಂದ ಮೊದಲ ಪಂದ್ಯದಲ್ಲೇ ಸೋಲುವ ಕಾಲೇಜಿನ ಉತ್ತಮ ಆಟಗಾರನೊಬ್ಬ ಆಯ್ಕೆ ಸಮಿತಿಯ ಕಣ್ಣಿಗೆ ಬೀಳಲು ಸಿಗುವ ಅವಕಾಶ 40 ನಿಮಿಷಗಳಿಗೆ ಸೀಮಿತವಾಗಬಹುದು.

ತಂಡದ ಸ್ವರೂಪ

ಫಿಬಾ ನಿಯಮಗಳ ಪ್ರಕಾರ ಪಂದ್ಯವೊಂದಕ್ಕೆ ಗರಿಷ್ಠ 12 ಆಟಗಾರರ ತಂಡವಿದ್ದು, ಅಂಕಣದಲ್ಲಿ ಒಮ್ಮೆಗೆ ಐವರು ಆಡುತ್ತಾರೆ. ಪಂದ್ಯವು ತಲಾ 10 ನಿಮಿಷಗಳ ನಾಲ್ಕು ಅವಧಿಗಳಲ್ಲಿ ನಡೆಯುತ್ತದೆ. ಅಂಕಣದ ಅಳತೆ 28 ಮೀಟರ್ × 15 ಮೀಟರ್. ಬುಟ್ಟಿಯ ಬಳೆಯ ಎತ್ತರ 3.05 ಮೀಟರ್; ಮೂರು ಅಂಕಗಳ ರೇಖೆಯ ದೂರ 6.75 ಮೀಟರ್. ಚೆಂಡು ಕೈಗೆ ಬಂದ ತಂಡವು 24 ಸೆಕೆಂಡುಗಳಲ್ಲಿ ಬುಟ್ಟಿಗೆ ಎಸೆಯಬೇಕು. ಐದು ಫೌಲ್ ಮಾಡಿದ ಆಟಗಾರ ಆ ಪಂದ್ಯದಿಂದ ಹೊರಹೋಗಬೇಕಾಗುತ್ತದೆ. ಆದ್ದರಿಂದ ಐವರು ಸಮರ್ಥ ಆಟಗಾರರಿದ್ದರೆ ಸಾಲದು. ಪ್ರತಿ ಸ್ಥಾನಕ್ಕೂ ಬದಲಿ ಆಟಗಾರರು ಬೇಕು.

ತಂಡದಲ್ಲಿ ಐದು ಸ್ಥಾನಗಳನ್ನು ಗುರುತಿಸುವುದು ವಾಡಿಕೆ.

ಪಾಯಿಂಟ್ ಗಾರ್ಡ್: ಚೆಂಡನ್ನು ಮುಂದಕ್ಕೆ ಒಯ್ದು ಆಟವನ್ನು ನಡೆಸುವ ಆಟಗಾರ. ಎತ್ತರಕ್ಕಿಂತ ಚೆಂಡಿನ ಮೇಲಿನ ಹಿಡಿತ ಮತ್ತು ನಿರ್ಧಾರದ ವೇಗ ಮುಖ್ಯ.

ಶೂಟಿಂಗ್ ಗಾರ್ಡ್: ದೂರದಿಂದ ಬುಟ್ಟಿಗೆ ಎಸೆಯುವಲ್ಲಿ ಪಳಗಿದವರು.

ಸ್ಮಾಲ್ ಫಾರ್ವರ್ಡ್: ದಾಳಿ ಮತ್ತು ರಕ್ಷಣೆ ಎರಡರಲ್ಲೂ ತೊಡಗುವ, ಅಂಕಣದ ಬದಿಗಳಲ್ಲಿ ಆಡುವವರು.

ಪವರ್ ಫಾರ್ವರ್ಡ್: ಬುಟ್ಟಿಯ ಸಮೀಪ ಆಡುವ ಹಾಗೂ ಮರುಪುಟಿದ ಚೆಂಡನ್ನು ಕಸಿದುಕೊಳ್ಳುವ ಬಲಶಾಲಿ ಆಟಗಾರರು.

ಸೆಂಟರ್: ಸಾಮಾನ್ಯವಾಗಿ ತಂಡದ ಅತಿ ಎತ್ತರದ ಆಟಗಾರ. ಬುಟ್ಟಿಯ ಕೆಳಗಿನ ರಕ್ಷಣೆಯ ಹೊಣೆ ಇವರದು.

ಸಣ್ಣ ಪಟ್ಟಣಗಳ ಕಾಲೇಜುಗಳಲ್ಲಿ ಈ ವಿಂಗಡಣೆ ಕಟ್ಟುನಿಟ್ಟಾಗಿ ಉಳಿಯುವುದು ಕಷ್ಟ. ಸೆಂಟರ್ ಸ್ಥಾನಕ್ಕೆ ತಕ್ಕ ಎತ್ತರದ ವಿದ್ಯಾರ್ಥಿ ಎಲ್ಲ ವರ್ಷವೂ ದೊರೆಯುವುದಿಲ್ಲ. ಅಂತಹ ಸಂದರ್ಭದಲ್ಲಿ ತರಬೇತುದಾರರು ವಾಲಿಬಾಲ್, ಎತ್ತರ ಜಿಗಿತ ಮುಂತಾದ ಕ್ರೀಡೆಗಳ ವಿದ್ಯಾರ್ಥಿಗಳನ್ನು ತಂಡಕ್ಕೆ ಸೇರಿಸಿಕೊಳ್ಳುವುದುಂಟು. ಇಲ್ಲವೇ ವೇಗದ ಓಟವನ್ನು ನೆಚ್ಚಿದ ಆಟದ ಕ್ರಮವನ್ನು ಆರಿಸಿಕೊಳ್ಳುತ್ತಾರೆ.

ಹೊರಹೋಗುವ ಮತ್ತು ಉಳಿಯುವ ಆಟಗಾರರು

ಮುಂದಿನ ಸಾಲಿನ ತಂಡದ ಅಂದಾಜು ಅಂತಿಮ ವರ್ಷದ ಆಟಗಾರರ ಎಣಿಕೆಯಿಂದ ಆರಂಭವಾಗುತ್ತದೆ. ಆದರೆ ಎಷ್ಟು ಜನ ಹೋಗುತ್ತಾರೆ ಎಂಬುದಕ್ಕಿಂತ ಅವರು ಎಷ್ಟು ಹೊತ್ತು ಆಡುತ್ತಿದ್ದರು ಎಂಬುದು ಹೆಚ್ಚು ಮುಖ್ಯ. ಒಂದು ಪಂದ್ಯದಲ್ಲಿ ತಂಡವೊಂದಕ್ಕೆ ಲಭ್ಯವಿರುವ ಒಟ್ಟು ಆಟದ ಅವಧಿ 5 × 40, ಅಂದರೆ 200 ಆಟಗಾರ–ನಿಮಿಷಗಳು. ಉದಾಹರಣೆಗೆ, ತಂಡವೊಂದರಿಂದ ಮೂವರು ಹೊರಹೋಗುತ್ತಾರೆ ಎಂದುಕೊಳ್ಳೋಣ. ಅವರು ಪ್ರತಿ ಪಂದ್ಯದಲ್ಲಿ ಸರಾಸರಿ 34, 32 ಮತ್ತು 24 ನಿಮಿಷ ಆಡುತ್ತಿದ್ದರೆ, ಒಟ್ಟು 90 ನಿಮಿಷಗಳನ್ನು, ಅಂದರೆ ತಂಡದ ಆಟದ ಶೇ. 45ರಷ್ಟನ್ನು, ಬೇರೆಯವರು ತುಂಬಬೇಕಾಗುತ್ತದೆ. ಅದೇ ಐವರು ಬದಲಿ ಆಟಗಾರರು ತಲಾ 6 ನಿಮಿಷ ಆಡಿ ಹೊರಹೋದರೆ ತಂಡವು ಕಳೆದುಕೊಳ್ಳುವುದು 30 ನಿಮಿಷ, ಅಂದರೆ ಶೇ. 15 ಮಾತ್ರ. ಅಂಕ, ಮರುಪುಟಿತ ಚೆಂಡಿನ ಗಳಿಕೆ, ಅಂಕಕ್ಕೆ ನೆರವಾದ ಪಾಸ್‌ಗಳು ಹಾಗೂ ಕಳೆದುಕೊಂಡ ಚೆಂಡುಗಳ ಲೆಕ್ಕವನ್ನೂ ಇದೇ ರೀತಿ ಹೋಲಿಸಲಾಗುತ್ತದೆ. ಇಂತಹ ಲೆಕ್ಕಕ್ಕೆ ಪಂದ್ಯದ ಸ್ಕೋರ್ ಹಾಳೆಗಳನ್ನು ಕಾಲೇಜು ಜೋಪಾನವಾಗಿ ಇಟ್ಟುಕೊಂಡಿರಬೇಕು. ಅಧಿಕೃತ ಸ್ಕೋರ್ ಹಾಳೆಯಲ್ಲಿ ಅಂಕ ಮತ್ತು ಫೌಲ್‌ಗಳು ಮಾತ್ರ ದಾಖಲಾಗುವುದರಿಂದ ಉಳಿದ ವಿವರಗಳನ್ನು ತಂಡದವರೇ ಬರೆದುಕೊಳ್ಳಬೇಕಾಗುತ್ತದೆ.

ಕೋರ್ಸಿನ ಅವಧಿಯೂ ತಂಡದ ಆಯುಷ್ಯವನ್ನು ನಿರ್ಧರಿಸುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ನಾಲ್ಕು ವರ್ಷ ಆಡುವ ಅವಕಾಶವಿದ್ದರೆ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ವಿದ್ಯಾರ್ಥಿಗೆ ಮೂರು ವರ್ಷ ಮಾತ್ರ. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ 2021–22ರಲ್ಲಿ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ಜಾರಿಗೆ ಬಂದಿತ್ತು. 2024–25ನೇ ಸಾಲಿನಿಂದ ರಾಜ್ಯ ಸರ್ಕಾರವು ಮೂರು ವರ್ಷಗಳ ಪದವಿಗೆ ಮರಳಿತು. ಮೂರು ವರ್ಷಗಳ ವ್ಯವಸ್ಥೆಯಲ್ಲಿ ಮೊದಲ ವರ್ಷ ಹೊಂದಿಕೊಳ್ಳಲು, ಎರಡನೆಯ ವರ್ಷ ಸ್ಥಾನ ಗಳಿಸಲು ಕಳೆದರೆ, ಅನುಭವಿ ಆಟಗಾರನಾಗಿ ಕಾಲೇಜಿಗೆ ಆಡಲು ಉಳಿಯುವುದು ಒಂದೇ ವರ್ಷ. ಸ್ನಾತಕೋತ್ತರ ವಿಭಾಗವಿರುವ ಕಾಲೇಜುಗಳು ತಮ್ಮದೇ ಪದವೀಧರರನ್ನು ಇನ್ನೆರಡು ವರ್ಷ ಉಳಿಸಿಕೊಳ್ಳಬಲ್ಲವು.

ಹೊಸ ಆಟಗಾರರ ಮೂಲಗಳು

ಪದವಿಪೂರ್ವ ಕಾಲೇಜುಗಳು

ಹೊಸ ಆಟಗಾರರಲ್ಲಿ ಹೆಚ್ಚಿನವರು ಪದವಿಪೂರ್ವ ಶಿಕ್ಷಣ ವಿಭಾಗದ ಕ್ರೀಡಾಕೂಟಗಳಿಂದ ಬರುತ್ತಾರೆ. ತಾಲ್ಲೂಕು, ಜಿಲ್ಲೆ ಮತ್ತು ರಾಜ್ಯ ಹಂತಗಳಲ್ಲಿ ನಡೆಯುವ ಈ ಸ್ಪರ್ಧೆಗಳ ವಿಜೇತರು ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ 19 ವರ್ಷದೊಳಗಿನವರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಆಯ್ಕೆಯಾಗುತ್ತಾರೆ. ಪದವಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಜಿಲ್ಲಾ ಮಟ್ಟದ ಪದವಿಪೂರ್ವ ಪಂದ್ಯಗಳನ್ನು ನೋಡಿ ವಿದ್ಯಾರ್ಥಿಗಳನ್ನು ಗುರುತಿಸುವುದು ಸಾಮಾನ್ಯ. ಒಂದೇ ಆವರಣದಲ್ಲಿ ಪದವಿಪೂರ್ವ ಮತ್ತು ಪದವಿ ಕಾಲೇಜುಗಳೆರಡೂ ಇರುವ ಸಂಸ್ಥೆಗಳಿಗೆ ಇದರಿಂದ ಹೆಚ್ಚಿನ ಅನುಕೂಲವಿದೆ.

ಕ್ರೀಡಾ ವಸತಿ ನಿಲಯಗಳು

ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಕ್ರೀಡಾ ಶಾಲೆ ಹಾಗೂ ವಸತಿ ನಿಲಯಗಳನ್ನು ನಡೆಸುತ್ತದೆ. ಬೆಂಗಳೂರಿನ ವಿದ್ಯಾನಗರ ಮತ್ತು ಮೈಸೂರಿನ ನಿಲಯಗಳು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರು ಮಾಡಿವೆ. ಗ್ರಾಮೀಣ ಹಿನ್ನೆಲೆಯ ಮಕ್ಕಳಿಗೆ ಊಟ, ವಸತಿ, ಶಿಕ್ಷಣ ಮತ್ತು ತರಬೇತಿ ಒಂದೆಡೆ ದೊರೆಯುವುದರಿಂದ ಇಲ್ಲಿಂದ ಬರುವ ಆಟಗಾರರು ಕಾಲೇಜು ಸೇರುವ ವೇಳೆಗೆ ಹಲವು ವರ್ಷಗಳ ಕ್ರಮಬದ್ಧ ಅಭ್ಯಾಸ ಪಡೆದಿರುತ್ತಾರೆ.

ಕ್ರೀಡಾ ವಿದ್ಯಾರ್ಥಿವೇತನ

ಕೆಲವು ಖಾಸಗಿ ಸಂಸ್ಥೆಗಳು ಕ್ರೀಡಾಪಟುಗಳಿಗೆ ಶುಲ್ಕ ವಿನಾಯಿತಿ ಅಥವಾ ಉಚಿತ ಶಿಕ್ಷಣ ನೀಡುತ್ತವೆ. ಮೂಡಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಕ್ರೀಡಾ ದತ್ತು ಯೋಜನೆ ಮತ್ತು ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ಕ್ರೀಡಾ ವಿದ್ಯಾರ್ಥಿವೇತನ ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ವೃತ್ತಿಪರ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುವ ಸೀಟು ಹಂಚಿಕೆಯಲ್ಲಿ ಕ್ರೀಡಾ ವಿಭಾಗದ ಮೀಸಲಾತಿಯೂ ಇದೆ.

ಅರ್ಹತೆಯ ನಿಯಮಗಳು

ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಭಾಗವಹಿಸುವವರು ಪೂರ್ಣಾವಧಿ ಪದವಿ ಅಥವಾ ಸ್ನಾತಕೋತ್ತರ ಕೋರ್ಸಿನ ವಿದ್ಯಾರ್ಥಿಗಳಾಗಿರಬೇಕು. ವಯಸ್ಸು 17ರಿಂದ 25 ವರ್ಷಗಳ ಮಿತಿಯಲ್ಲಿರಬೇಕು. ಪೂರ್ಣಾವಧಿ ಉದ್ಯೋಗದಲ್ಲಿರುವವರಿಗೆ ಅವಕಾಶವಿಲ್ಲ. ಒಂದೇ ಶೈಕ್ಷಣಿಕ ಸಾಲಿನಲ್ಲಿ ಎರಡು ವಿಶ್ವವಿದ್ಯಾಲಯಗಳನ್ನು ಪ್ರತಿನಿಧಿಸುವಂತಿಲ್ಲ. ಜನ್ಮದಿನಾಂಕದ ದಾಖಲೆ, ಹತ್ತನೆಯ ತರಗತಿಯ ಅಂಕಪಟ್ಟಿ, ಹಿಂದಿನ ಪರೀಕ್ಷೆಯ ಅಂಕಪಟ್ಟಿ ಮತ್ತು ಪ್ರಾಂಶುಪಾಲರ ದೃಢೀಕರಣವನ್ನು ಒಳಗೊಂಡ ಅರ್ಹತಾ ಪತ್ರವನ್ನು ತಂಡದೊಂದಿಗೆ ಕಳುಹಿಸಲಾಗುತ್ತದೆ. ದಾಖಲೆಯಲ್ಲಿ ಕೊರತೆಯಿದ್ದರೆ ಆಟಗಾರನನ್ನು ಅನರ್ಹಗೊಳಿಸುವ ಸಾಧ್ಯತೆಯಿರುವುದರಿಂದ, ತಂಡ ರಚನೆಯಲ್ಲಿ ಕಾಗದಪತ್ರಗಳ ಕೆಲಸಕ್ಕೂ ಅಭ್ಯಾಸದಷ್ಟೇ ಮಹತ್ವವಿದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಉದಾಹರಣೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲಾ ಕೇಂದ್ರವು ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಮೇಲಿದೆ. ಶಿಡ್ಲಘಟ್ಟ ಮತ್ತು ಚಿಂತಾಮಣಿಗಳು ಚಿಕ್ಕಬಳ್ಳಾಪುರ–ಕೋಲಾರ ರೈಲು ಮಾರ್ಗದಲ್ಲಿವೆ. ಗೌರಿಬಿದನೂರು ಯಲಹಂಕ–ದೊಡ್ಡಬಳ್ಳಾಪುರ–ಹಿಂದೂಪುರ ಮಾರ್ಗದಲ್ಲಿದೆ. ಜಿಲ್ಲಾ ಕೇಂದ್ರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ.

ಒಂದು ಜಿಲ್ಲೆ, ಹಲವು ವಿಶ್ವವಿದ್ಯಾಲಯಗಳು

ಈ ಜಿಲ್ಲೆಯ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ವಿಶೇಷವೆಂದರೆ, ಒಂದೇ ಊರಿನ ಆಟಗಾರರು ಬೇರೆ ಬೇರೆ ವಿಶ್ವವಿದ್ಯಾಲಯಗಳ ಪಟ್ಟಿಗೆ ಹಂಚಿಹೋಗುವುದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳ ಪ್ರಥಮ ದರ್ಜೆ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ.

ಚಿಕ್ಕಬಳ್ಳಾಪುರದಲ್ಲಿ 1986ರಲ್ಲಿ ಆರಂಭವಾದ ಎಸ್‌ಜೆಸಿ ತಾಂತ್ರಿಕ ವಿದ್ಯಾಲಯವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ. ಇಲ್ಲಿನ ಆಟಗಾರರು ರಾಜ್ಯದಾದ್ಯಂತದ ಇಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಸ್ಪರ್ಧಿಸಬೇಕು.

ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯವು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದೆ.

ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ.

ಇದರ ಪರಿಣಾಮವಾಗಿ, ಪದವಿಪೂರ್ವ ಹಂತದಲ್ಲಿ ಜಿಲ್ಲಾ ತಂಡದಲ್ಲಿ ಒಟ್ಟಿಗೆ ಆಡಿದ ಐವರು ಮರುವರ್ಷ ಬೇರೆ ಬೇರೆ ತಂಡಗಳಲ್ಲಿ ಕಾಣಿಸಿಕೊಳ್ಳಬಹುದು. ಜಿಲ್ಲೆಯ ಉತ್ತಮ ಆಟಗಾರರೆಲ್ಲರೂ ಒಂದೇ ಕಾಲೇಜು ತಂಡದಲ್ಲಿ ಸೇರುವುದು ಅಪರೂಪ.

2017ರ ವಿಭಜನೆಯ ಪರಿಣಾಮ

1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯವನ್ನು 2017ರಲ್ಲಿ ಮೂರಾಗಿ ವಿಭಜಿಸಲಾಯಿತು. ಕೋಲಾರದ ಟಮಕದಲ್ಲಿ ಕೇಂದ್ರ ಕಚೇರಿಯಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳೊಂದಿಗೆ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆಲವು ಭಾಗಗಳು ಸೇರಿದವು. ಇದರ ಶಾಶ್ವತ ಆವರಣಕ್ಕೆ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯಲ್ಲಿ ಸ್ಥಳ ಗುರುತಿಸಲಾಗಿದೆ.

ವಿಭಜನೆಗೆ ಮೊದಲು ಈ ಜಿಲ್ಲೆಯ ಆಟಗಾರರು 12 ಸ್ಥಾನಗಳಿಗಾಗಿ ಬೆಂಗಳೂರು ನಗರದ ಎಲ್ಲ ಭಾಗದ ಸಂಯೋಜಿತ ಕಾಲೇಜುಗಳ ಆಟಗಾರರೊಂದಿಗೆ ಸ್ಪರ್ಧಿಸಬೇಕಿತ್ತು. ಮೂರು ವಿಶ್ವವಿದ್ಯಾಲಯಗಳಾದ ಮೇಲೆ 12 ಸ್ಥಾನಗಳ ಬದಲು 36 ಸ್ಥಾನಗಳು ಏರ್ಪಟ್ಟು, ಸಣ್ಣ ಪಟ್ಟಣದ ಆಟಗಾರರಿಗೆ ಅವಕಾಶ ವಿಸ್ತಾರವಾಯಿತು. ಆದರೆ ಹಳೆಯ ವಿಶ್ವವಿದ್ಯಾಲಯದ ಆಟಗಾರರ ಬಲವೂ ಮೂರು ಕಡೆ ಹಂಚಿಹೋದುದರಿಂದ, ದಕ್ಷಿಣ ವಲಯದಲ್ಲಿ ಪ್ರತಿಯೊಂದು ತಂಡವೂ ಹೊಸದಾಗಿ ಬಲ ಕೂಡಿಸಿಕೊಳ್ಳಬೇಕಾಯಿತು. ಉತ್ತರ ವಿಶ್ವವಿದ್ಯಾಲಯದೊಳಗೂ ಬೆಂಗಳೂರು ಭಾಗದ ಕಾಲೇಜುಗಳಿಗೆ ಕ್ಲಬ್ ತರಬೇತಿಯ ಅನುಕೂಲ ಉಳಿದಿದೆ.

ಖಾಸಗಿ ಮತ್ತು ಪರಿಗಣಿತ ವಿಶ್ವವಿದ್ಯಾಲಯಗಳ ಸ್ಥಿತಿ ಇದಕ್ಕಿಂತ ಭಿನ್ನ. ಅವು ತಮ್ಮ ಆವರಣದ ವಿದ್ಯಾರ್ಥಿಗಳಿಂದಲೇ ನೇರವಾಗಿ ವಲಯ ಪಂದ್ಯಾವಳಿಗೆ ತಂಡ ಕಳುಹಿಸುತ್ತವೆ. ಅಲ್ಲಿ ಕಾಲೇಜು ತಂಡವೂ ವಿಶ್ವವಿದ್ಯಾಲಯ ತಂಡವೂ ಒಂದೇ ಆಗಿರುವುದರಿಂದ ಆಟಗಾರರು ವರ್ಷವಿಡೀ ಒಟ್ಟಿಗೆ ಅಭ್ಯಾಸ ಮಾಡಬಲ್ಲರು. ಸಂಯೋಜಿತ ವಿಶ್ವವಿದ್ಯಾಲಯದ 12 ಮಂದಿ ಬೇರೆ ಬೇರೆ ಊರುಗಳಿಂದ ಬಂದು ಕೆಲವು ದಿನಗಳ ಶಿಬಿರದಲ್ಲಿ ಮಾತ್ರ ಕೂಡುತ್ತಾರೆ.

ಸ್ಥಳೀಯ ಅಂಶಗಳು

ಸಣ್ಣ ಪಟ್ಟಣಗಳ ಕಾಲೇಜುಗಳಲ್ಲಿ ಅಭ್ಯಾಸವು ಹೆಚ್ಚಾಗಿ ಬಯಲಿನ ಕಾಂಕ್ರೀಟ್ ಅಂಕಣಗಳಲ್ಲಿ ನಡೆಯುತ್ತದೆ. ಜಿಲ್ಲೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಹೆಚ್ಚು ಮಳೆ ಬೀಳುವ ತಿಂಗಳುಗಳು. ತಂಡ ಸಿದ್ಧಗೊಳ್ಳಬೇಕಾದ ಕಾಲವೂ ಸುಮಾರಾಗಿ ಅದೇ. ಕಾಂಕ್ರೀಟಿನ ಮೇಲೆ ನಿರಂತರವಾಗಿ ಜಿಗಿದು ಇಳಿಯುವುದರಿಂದ ಮೊಣಕಾಲು ಮತ್ತು ಹರಡುಗಳ ಮೇಲೆ ಬೀಳುವ ಒತ್ತಡ ಮರದ ನೆಲಕ್ಕಿಂತ ಹೆಚ್ಚು. ಇಂತಹ ಅಂಕಣದಲ್ಲಿ ಕಲಿತ ಆಟಗಾರ ಒಳಾಂಗಣದ ಮರದ ನೆಲಕ್ಕೆ ಬಂದಾಗ ಚೆಂಡಿನ ಪುಟಿತ, ಬೂಟಿನ ಹಿಡಿತ ಮತ್ತು ಗಾಳಿಯಿಲ್ಲದ ಎಸೆತಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ಪ್ರಯಾಣವೂ ಒಂದು ಅಂಶ. ತಾಲ್ಲೂಕು ಕೇಂದ್ರದ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳಿಗೆ ಸಂಜೆಯ ಅಭ್ಯಾಸದ ಅವಧಿಯನ್ನು ಕೊನೆಯ ಬಸ್ಸಿನ ಸಮಯ ನಿರ್ಧರಿಸುತ್ತದೆ. ಶಿಡ್ಲಘಟ್ಟ ಮತ್ತು ಚಿಂತಾಮಣಿ ತಾಲ್ಲೂಕುಗಳಲ್ಲಿ ರೇಷ್ಮೆ ಪ್ರಮುಖ ಕಸುಬು. ಹುಳು ಹಣ್ಣಾಗುವ ಮೊದಲಿನ ದಿನಗಳಲ್ಲಿ ದಿನಕ್ಕೆ ಹಲವು ಬಾರಿ ಸೊಪ್ಪು ಹಾಕಬೇಕಿದ್ದು, ಮನೆಮಂದಿಯೆಲ್ಲರ ದುಡಿಮೆ ಬೇಕಾಗುತ್ತದೆ. ಅಂತಹ ಮನೆಗಳ ವಿದ್ಯಾರ್ಥಿಗಳು ಅಭ್ಯಾಸಕ್ಕೆ ತಪ್ಪದೆ ಬರುವುದು ಸುಲಭವಲ್ಲ.

ಸ್ಥಾನ ದೊರೆತರೆ ಸಿಗುವ ಪ್ರಯೋಜನ

ವಿಶ್ವವಿದ್ಯಾಲಯ ತಂಡದ 12 ಜನರ ಪಟ್ಟಿಯಲ್ಲಿ ಸೇರುವುದಕ್ಕೆ ಆಟದ ಆಚೆಗೂ ಬೆಲೆಯಿದೆ. ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ವಿದ್ಯಾರ್ಥಿಗಳನ್ನು 'ಯೂನಿವರ್ಸಿಟಿ ಬ್ಲೂ' ಎಂದು ಗುರುತಿಸುವ ಸಂಪ್ರದಾಯವಿದೆ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ನೇಮಿಸುವ ನಿಯಮಗಳಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಭಾಗವಹಿಸಿದವರೂ ಅರ್ಹರು. ಇದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ಅಧಿಕಾರಿಯು 'ನಮೂನೆ 3'ರಲ್ಲಿ ಪ್ರಮಾಣಪತ್ರ ನೀಡುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧಿಗಳಿಗೆ ನಮೂನೆ 1, ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ ನಮೂನೆ 2, ರಾಷ್ಟ್ರೀಯ ಶಾಲಾ ಕ್ರೀಡಾಕೂಟದವರಿಗೆ ನಮೂನೆ 4 ಬಳಕೆಯಲ್ಲಿವೆ. ರೈಲ್ವೆ, ಅಂಚೆ, ಆದಾಯ ತೆರಿಗೆ ಮುಂತಾದ ಇಲಾಖೆಗಳ ಕ್ರೀಡಾ ಕೋಟಾ ನೇಮಕಾತಿಗೆ ಇವು ಆಧಾರ. ಕರ್ನಾಟಕ ಪೊಲೀಸ್ ಇಲಾಖೆಯಲ್ಲಿಯೂ ಕ್ರೀಡಾಪಟುಗಳಿಗೆ ಹುದ್ದೆಗಳನ್ನು ಮೀಸಲಿಡಲಾಗುತ್ತದೆ.

ಆದ್ದರಿಂದ ಹನ್ನೆರಡನೆಯ ಆಟಗಾರ ಮತ್ತು ಹದಿಮೂರನೆಯ ಆಟಗಾರನ ನಡುವಿನ ಅಂತರವು ಅಂಕಣದಲ್ಲಿ ಅಲ್ಪವಾಗಿದ್ದರೂ ಜೀವನದಲ್ಲಿ ದೊಡ್ಡದಾಗಬಹುದು. ಶಿಬಿರಕ್ಕೆ ಆಯ್ಕೆಯಾಗಿ ಅಂತಿಮ ಪಟ್ಟಿಯಲ್ಲಿ ಸ್ಥಾನ ಪಡೆಯದವರಿಗೆ ನಮೂನೆ 3ರ ಪ್ರಮಾಣಪತ್ರ ದೊರೆಯುವುದಿಲ್ಲ.

ಅಮೆರಿಕದ ಪದ್ಧತಿಯೊಂದಿಗೆ ಹೋಲಿಕೆ

ಅಮೆರಿಕದಲ್ಲಿ ಕಾಲೇಜು ಕ್ರೀಡೆಯನ್ನು ಮುಖ್ಯವಾಗಿ ಎನ್‌ಸಿಎಎ ಸಂಸ್ಥೆ ನಿಯಂತ್ರಿಸುತ್ತದೆ. ಅಲ್ಲಿ ತರಬೇತುದಾರರು ಪ್ರೌಢಶಾಲೆಯ ಆಟಗಾರರನ್ನು ವರ್ಷಗಳ ಮೊದಲೇ ಗುರುತಿಸಿ ವಿದ್ಯಾರ್ಥಿವೇತನದ ಆಹ್ವಾನ ನೀಡುತ್ತಾರೆ. 2018ರಲ್ಲಿ ಆರಂಭವಾದ 'ಟ್ರಾನ್ಸ್‌ಫರ್ ಪೋರ್ಟಲ್' ಎಂಬ ದತ್ತಸಂಚಯದ ಮೂಲಕ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಲು ಹೆಸರು ನೋಂದಾಯಿಸಬಹುದು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಹಣ ಗಳಿಸಲು ಅವಕಾಶ ದೊರೆಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ಒಪ್ಪಂದದ ಬಳಿಕ, ಅದಕ್ಕೆ ಒಳಪಟ್ಟ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ತಂಡದ ಮಿತಿ 15 ಆಟಗಾರರೆಂದು ನಿಗದಿಯಾಯಿತು. ಇಂತಹ ವ್ಯವಸ್ಥೆಯಲ್ಲಿ ಮುಂದಿನ ಋತುವಿನ ತಂಡದ ಬಹುಭಾಗವು ಬೇಸಿಗೆಯೊಳಗೇ ತಿಳಿದಿರುತ್ತದೆ.

ಕರ್ನಾಟಕದಲ್ಲಿ ವಿದ್ಯಾರ್ಥಿಯು ಕಾಲೇಜನ್ನು ಆರಿಸುವುದು ಹೆಚ್ಚಾಗಿ ಕೋರ್ಸು, ಶುಲ್ಕ ಮತ್ತು ಮನೆಯಿಂದ ಇರುವ ದೂರವನ್ನು ನೋಡಿ. ವೃತ್ತಿಪರ ಕೋರ್ಸುಗಳಲ್ಲಿ ಸೀಟು ಹಂಚಿಕೆಯ ಸುತ್ತುಗಳು ಮುಗಿಯುವವರೆಗೆ ಯಾರು ಯಾವ ಕಾಲೇಜಿಗೆ ಎಂಬುದು ಖಚಿತವಾಗುವುದಿಲ್ಲ. ಆದ್ದರಿಂದ ಇಲ್ಲಿ ತರಬೇತುದಾರರು ಬಂದವರಲ್ಲಿ ತಂಡವನ್ನು ಕಂಡುಕೊಳ್ಳಬೇಕು.

ಕರ್ನಾಟಕದಿಂದ ಅಮೆರಿಕದ ಕಾಲೇಜು ತಂಡಕ್ಕೆ ಹೋದವರೂ ಇದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ಎನ್‌ಬಿಎ ಅಕಾಡೆಮಿಯ ಮಹಿಳಾ ಕಾರ್ಯಕ್ರಮದಲ್ಲಿ ಭಾಗವಹಿಸಿದ ನಂತರ 2019ರಲ್ಲಿ ಅರಿಜೋನಾದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡವನ್ನು ವಿದ್ಯಾರ್ಥಿವೇತನದೊಂದಿಗೆ ಸೇರಿದರು. ಅವರು ಭಾರತ ತಂಡವನ್ನೂ ಪ್ರತಿನಿಧಿಸಿದ್ದಾರೆ. ಪಂಜಾಬಿನ ಹರ್‌ಸಿಮ್ರನ್ ಕೌರ್ ಸ್ಯಾನ್ ಡಿಯಾಗೋ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರು.

ಮಹಿಳಾ ತಂಡಗಳು

ಕರ್ನಾಟಕದ ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ರಾಷ್ಟ್ರಮಟ್ಟದಲ್ಲಿ ಹೆಸರಿದೆ. ರಾಜ್ಯದ ಪಿ.ಯು. ನವನೀತಾ ಅವರು ಭಾರತ ತಂಡದಲ್ಲಿ ಆಡಿದ್ದಾರೆ. ಆದರೂ ಸಣ್ಣ ಪಟ್ಟಣಗಳಲ್ಲಿ ಮಹಿಳಾ ತಂಡಕ್ಕೆ 12 ಜನರನ್ನು ಕೂಡಿಸುವುದು ಪುರುಷರ ತಂಡಕ್ಕಿಂತ ಕಷ್ಟ. ಸಂಜೆಯ ಅಭ್ಯಾಸ, ಹೊರ ಊರಿನ ಶಿಬಿರ ಮತ್ತು ವಲಯ ಪಂದ್ಯಾವಳಿಯ ದೂರದ ಪ್ರಯಾಣಕ್ಕೆ ಮನೆಯವರ ಒಪ್ಪಿಗೆ ಬೇಕಾಗುತ್ತದೆ. ಕಾಲೇಜಿನಲ್ಲಿ ಸಾಕಷ್ಟು ಆಟಗಾರ್ತಿಯರಿಲ್ಲದೆ ತಂಡವೇ ರಚನೆಯಾಗದಿದ್ದರೆ, ಇರುವ ಒಬ್ಬಿಬ್ಬರು ಸಮರ್ಥರಿಗೆ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ತಮ್ಮ ಆಟವನ್ನು ತೋರಿಸುವ ಅವಕಾಶವೇ ತಪ್ಪುತ್ತದೆ. ಇಂತಹ ಸಂಸ್ಥೆಗಳಿಗೆ ಅರ್ಧ ಅಂಕಣದಲ್ಲಿ ಆಡುವ, ನಾಲ್ಕೇ ಆಟಗಾರರು ಸಾಕಾಗುವ 3×3 ಮಾದರಿಯು ಅನುಕೂಲಕರವಾಗಿದೆ. ಈ ಮಾದರಿಯು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರ್ಪಡೆಯಾಯಿತು.

ತಂಡವನ್ನು ಅಂದಾಜಿಸುವ ಕ್ರಮ

ಕಾಲೇಜು ತಂಡವೊಂದರ ಮುಂದಿನ ಸಾಲಿನ ಸಾಮರ್ಥ್ಯವನ್ನು ಅಂದಾಜಿಸುವಾಗ ಸಾಮಾನ್ಯವಾಗಿ ಈ ಅಂಶಗಳನ್ನು ಗಮನಿಸಲಾಗುತ್ತದೆ.

1. ಹೊರಹೋಗುವ ಆಟಗಾರರು ಆಡುತ್ತಿದ್ದ ನಿಮಿಷಗಳು ಮತ್ತು ಗಳಿಸುತ್ತಿದ್ದ ಅಂಕಗಳ ಪಾಲು.

2. ಪಾಯಿಂಟ್ ಗಾರ್ಡ್ ಉಳಿಯುತ್ತಾರೆಯೇ ಎಂಬುದು. ಈ ಸ್ಥಾನವು ಬರಿದಾದರೆ ಉಳಿದ ನಾಲ್ವರ ಆಟವೂ ಕುಂದುತ್ತದೆ.

3. ಹೊಸಬರ ಹಿಂದಿನ ಅನುಭವ: ತಾಲ್ಲೂಕು, ಜಿಲ್ಲೆ, ರಾಜ್ಯ ಅಥವಾ ರಾಷ್ಟ್ರಮಟ್ಟ.

4. ಬುಟ್ಟಿಯ ಸಮೀಪ ಆಡಬಲ್ಲ ಎತ್ತರದ ಆಟಗಾರರ ಸಂಖ್ಯೆ ಹಾಗೂ ಫೌಲ್ ಮಾಡದೆ ಆಡುವ ಅವರ ಶಿಸ್ತು.

5. ಗಾಯಗಳಿಂದ ಚೇತರಿಸಿಕೊಳ್ಳುತ್ತಿರುವವರ ಸ್ಥಿತಿ.

6. ಹಾಜರಾತಿ ಮತ್ತು ಪರೀಕ್ಷಾ ವೇಳಾಪಟ್ಟಿ. ಸೆಮಿಸ್ಟರ್ ಪದ್ಧತಿಯಲ್ಲಿ ವಲಯ ಪಂದ್ಯಾವಳಿಯ ದಿನಗಳು ಪರೀಕ್ಷೆಯ ಕಾಲಕ್ಕೆ ಸಮೀಪಿಸುವುದುಂಟು.

ಈ ಅಂಶಗಳಲ್ಲಿ ಕೊನೆಯದನ್ನು ಕಡೆಗಣಿಸಿದರೆ ಉಳಿದ ಲೆಕ್ಕವೆಲ್ಲ ತಲೆಕೆಳಗಾಗಬಹುದು. ಪರೀಕ್ಷೆಯ ದಿನವೇ ಪಂದ್ಯವಿದ್ದರೆ ವಿದ್ಯಾರ್ಥಿಯು ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಕ್ರೀಡೆಗಾಗಿ ತರಗತಿಗೆ ಗೈರಾದ ದಿನಗಳನ್ನು ಹಾಜರಾತಿಯಲ್ಲಿ ಪರಿಗಣಿಸಲು ದೈಹಿಕ ಶಿಕ್ಷಣ ವಿಭಾಗದ ಪತ್ರವು ಸಂಬಂಧಿಸಿದ ವಿಭಾಗಗಳಿಗೆ ಸಕಾಲದಲ್ಲಿ ತಲುಪಿರಬೇಕು.

ಇವನ್ನೂ ನೋಡಿ

ಬ್ಯಾಸ್ಕೆಟ್‌ಬಾಲ್

ಚಿಕ್ಕಬಳ್ಳಾಪುರ ಜಿಲ್ಲೆ

ಬೆಂಗಳೂರು ಉತ್ತರ ವಿಶ್ವವಿದ್ಯಾಲಯ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ

ಭಾರತೀಯ ವಿಶ್ವವಿದ್ಯಾಲಯಗಳ ಸಂಘ

ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ